ವಿಲಾಯತಿಗೆ ಹೋದ ಹಸಿದ ಕೌದಿ

ಮಕ್ತುಮಬಿ ಬೂಟು ಹಾಕಿಕೊಂಡು ನಡೆಯುವುದನ್ನು ಕಲಿಯುತ್ತಿದ್ದಳು. ಐವತ್ತಮೂರು ವರ್ಷ ಮಣ್ಣು, ಕಲ್ಲು, ಸಗಣಿ ತುಳಿದು ಅಗಲವಾದ ಕಾಲು. ಬೂಟೋ, ಯಾವಳೋ ನರ್ಸಬಾಯಿ ಹಾಕಿ ಬಿಟ್ಟು ಮಂಗಳವಾರದ ಸಂತೆಗೆ ಬಂದದ್ದು. ಒಂದಕ್ಕೊಂದು ಒಗ್ಗುತ್ತಿರಲಿಲ್ಲ. ಆದರೂ ಆಕೆ ದಿನಾ ಮುಂಜಾನೆ ಕಸ ಹೊಡೆದು, ನೀರು ತುಂಬಿ, ಗೋಡೆ ಹಿಡಿದುಕೊಂಡು ಬಾಗಿಲಿನಿಂದ ಬೇವಿನ ಗಿಡದ ತನಕ, ಗಿಡದಿಂದ ಬಾಗಿಲ ತನಕ ಹತ್ತು ಸಲ ತಿರುಗುತ್ತಿದ್ದಳು.

ನಾದಿನಿ ಗುಲ್ಜಾರಬಿ ಕಟ್ಟೆಯ ಮೇಲೆ ಕುಳಿತು ಅಕ್ಕಿಯ ಹಳ್ಳು ಆರಿಸುತ್ತ ನೋಡುವಳು.

“ಭಾಬಿ, ನೀ ನಡಿಯೂದ ನೋಡಿದ್ರ ಲಾಳ ಬಡಿಸಿಕೊಂಡ ಎಮ್ಮಿ ನೆನಪಾಗತೈತಿ.”

“ಎಮ್ಮಿ ವಿಲಾಯತಿಗೆ ಹೊಂಟೈತಿ. ನೀ ಕೊಟಗಿ ಕಾಯಕೋಂತ ಇಲ್ಲೇ ಇರ.”

“ಹಡಗಿನ್ಯಾಗ ಗ್ವಾಡಿ ಇರತಾವೇನ ಹಿಡಕೊಳ್ಳಾಕ?”

“ಅಹಮದಸಾಬನ ಕೇಳೇನಿ. ಕಬ್ಬಿಣದ ಕಂಬಿ ಇರತಾವಂತ.”

ಓಣಿಯ ಅಹಮದಸಾಬ ಮುಂಬಯಿ ಹಡಗಿನಲ್ಲಿ ಹತ್ತು ವರ್ಷ ಅಡಿಗೆಯವನಾಗಿ ದುಡಿದು ಬಂದವನು. ಹದಿನೆಂಟು ದಿನದ ದಾರಿ ಅಂದಿದ್ದ. ಎರಡನೆಯ ದಿನದಿಂದ ಯಾವ ಕಡೆ ನೋಡಿದರೂ ಬರೇ ನೀರು, ನೆಲದ ಗುರುತೇ ಇಲ್ಲ ಅಂದಿದ್ದ. ಧಾರವಾಡದ ಕೆರೆ ಬಿಟ್ಟರೆ ಬೇರೆ ನೀರು ಕಾಣದ ಮಕ್ತುಮಬಿಗೆ ಆ ಮಾತು ಎದೆಯಲ್ಲಿ ಕುಂತುಬಿಟ್ಟಿತ್ತು. ಹುಟ್ಟಿದ್ದು, ಕೊಟ್ಟದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲಾ ಈ ಒಂದೇ ಓಣಿಯಲ್ಲಿ. ಮಂದಿಯ ಹಳೇ ಅರಿವೆಯ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿತ್ತು. ಒಂದು ಸಲ, ಒಂದೇ ಸಲ, ನೆಲ ಕಾಣದಷ್ಟು ನೀರು ನೋಡಬೇಕು ಅಂತ ಆಕೆಗೆ ಅನ್ನಿಸಿತ್ತು. ಇದನ್ನು ಗುಲ್ಜಾರಬಿಗೆ ಸಹ ಬಾಯಿಬಿಟ್ಟು ಹೇಳಿರಲಿಲ್ಲ.

ಆಸೆ ಹುಟ್ಟಿಸಿದವಳು ಮಿಸ್ ಗ್ರೇವ್ಸ್ ಎಂಬ ವಿಲಾಯತಿಯ ಮಡಮ್ಮ. ಸರಕಾರ ಆ ವರ್ಷ, ಮೂವತ್ತೇಳನೆಯ ಇಸವಿಯಲ್ಲಿ, ಹೊಸದೊಂದು ಯೋಜನೆ ತೆಗೆದಿತ್ತು. ಅಲ್ಲಿಯ ಒಬ್ಬ ಹೆಂಗಸು ಇಲ್ಲಿಗೆ ಬಂದು ಇಲ್ಲಿಯ ಕೈಕೆಲಸ ನೋಡುವುದು, ಇಲ್ಲಿಯ ಕೈಕೆಲಸದ ಹೆಂಗಸೊಬ್ಬಳು ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದು ತನ್ನದನ್ನು ಕಲಿಸಿ ಅವರದನ್ನು ಕಲಿತು ಬರುವುದು. ಹಡಗು, ಊಟ, ಬೆಚ್ಚಗಿನ ಕೋಟು ಎಲ್ಲಾ ಸರಕಾರದ್ದು. ಇದನ್ನು ನಡೆಸಲಿಕ್ಕೆ ಊರಲ್ಲಿ ಒಂದು ವಿನಿಮಯ ಕಮಿಟಿ ಆಯಿತು. ಕಮಿಟಿ ಅಂದ ಮೇಲೆ ಕುರ್ಚಿ ಬಂದವು, ಕುರ್ಚಿ ಬಂದ ಮೇಲೆ ಕೂಡುವವರು ಬಂದರು. ಸೂಜಿಗೆ ದಾರ ಪೋಣಿಸಲು ಬರುವವರು ಅವರೊಳಗೆ ಒಬ್ಬರೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಮಡಮ್ಮ ಓಣಿಗೆ ಬಂದಳು. ಸಂಗಡ ಕಮಿಟಿಯ ಒಬ್ಬ ಕಾರಕೂನ. ಮಕ್ತುಮಬಿಯ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ, ಹಳೇ ಅರಿವೆ ಪದರ ಪದರವಾಗಿ ಕೂಡಿಸಿ ಹೊಲಿದ ಕೌದಿ ಕಂಡು ಆಕೆ ನಿಂತಳು. ಎಲ್ಲರೂ ಮುಂದಿನ ಬಣ್ಣ ನೋಡಿ ಹೊಗಳಿ ಹೋಗುತ್ತಾರೆ. ಈಕೆ ಮೊದಲು ಹಿಂದಕ್ಕೆ ತಿರುವಿ ನೋಡಿದಳು. ಆಮೇಲೆ ನಟ್ಟನಡುವೆ ಬೆರಳಿಟ್ಟು, ಅಲ್ಲಿರುವ ಏಳು ಹೊಲಿಗೆ ಒಂದೊಂದಾಗಿ ಎಣಿಸಿ, ಇದೇನು ಅಂತ ಹುಬ್ಬು ಏರಿಸಿದಳು.

“ಅದು ಕೌದಿ ಹೊಟ್ಟಿರಿ,” ಅಂದಳು ಮಕ್ತುಮಬಿ.

ಕಾರಕೂನನಿಗೆ ಕೌದಿಗೆ ಹೊಟ್ಟೆ ಇರುತ್ತದೆಂದು ಇಂಗ್ಲೀಷಿನಲ್ಲಿ ಹೇಳುವುದು ಮರ್ಯಾದೆಗೇಡು ಅನ್ನಿಸಿತು. “ಡಿಸೈನ್, ಮೇಡಮ್,” ಅಂದುಬಿಟ್ಟ. ಮಡಮ್ಮ ಅರ್ಧ ನಂಬಿದಂತೆ ಮಾಡಿ, ಮಕ್ತುಮಬಿಯ ಎರಡೂ ಕೈ ಹಿಡಿದು ಏನೋ ಅಂದಳು. “ನಿನ್ನಂಥಾಕಿ ನಮ್ಮ ದೇಶಕ್ಕ ಬರಬೇಕಂತಾರ,” ಅಂತ ಕಾರಕೂನ ಹೇಳಿದ. ಅದನ್ನಾದರೂ ಸರಿಯಾಗಿ ಹೇಳಿದನೋ ಇಲ್ಲವೋ, ಮಕ್ತುಮಬಿ ಅದೇ ಮಂಗಳವಾರ ಬೂಟು ತಂದಳು.

ಸಂಕ್ರಾಂತಿಯ ಹೊತ್ತಿಗೆ ಕರೆ ಬಂತು. ಕಮಿಟಿಯ ಕಾರ್ಯದರ್ಶಿ ರಾವಸಾಹೇಬ ತ್ರ್ಯಂಬಕರಾಯರು. ವಕೀಲಿ ಬಿಟ್ಟಿದ್ದರು. ಭಾಷಣ ಬಿಟ್ಟಿರಲಿಲ್ಲ. ತಮ್ಮ ಮನೆಯ ಪಡಸಾಲೆಯಲ್ಲಿ ತೂಗುಮಂಚದ ಮೇಲೆ ಕುಳಿತು ಹೇಳಿದರು:

“ನೋಡು ಮಕ್ತುಮಬಿ, ವಿಲಾಯತಿಗೆ ಒಂದು ಕೌದಿ ಹೋಗಬೇಕಾಗೇದ. ಇಲ್ಲೇ ಕಟ್ಟಿ ಮ್ಯಾಲೆ ಕೂತು ಹೊಲಿ. ನಮ್ಮ ಸೊಸಿ ತಾರಾಬಾಯಿ ನೋಡಕೋತಾಳ.”

“ಇದು ಪರೀಕ್ಷಾ ಏನ್ರಿ ಸಾಹೇಬ್ರ?”

ರಾವಸಾಹೇಬರು ಮೀಸೆಯಲ್ಲಿ ನಕ್ಕರು. “ಹಂಗ ತಿಳಕೊ.”

ಅವರು ಸುಳ್ಳು ಹೇಳಲಿಲ್ಲ, ಖರೆಯನ್ನೂ ಹೇಳಲಿಲ್ಲ. ವಕೀಲಿ ಮಾಡಿದವರಿಗೆ ಅದರ ನಡುವೆ ಇರುವ ಕಾಲುದಾರಿ ಚೆನ್ನಾಗಿ ಗೊತ್ತು.

ಕೌದಿ ಹೊಲಿಯುವವಳಿಗೆ ಪ್ರತಿ ಮನೆಯವರೂ ತಮ್ಮ ಹಳೇ ಅರಿವೆ ಗಂಟು ಕಟ್ಟಿ ಕೊಡುತ್ತಾರೆ. ಮಕ್ತುಮಬಿ ಗಂಟು ಬಿಚ್ಚಿದರೆ ಸಾಕು, ಆ ಮನೆಯಲ್ಲಿ ಯಾರು ದುಡಿಯುತ್ತಾರೆ, ಯಾರು ಉಣ್ಣುತ್ತಾರೆ ಅಂತ ಗೊತ್ತಾಗುತ್ತಿತ್ತು. ಸೀರೆ ಮೊಣಕಾಲಿನ ಹತ್ತಿರ ಸವೆದಿದ್ದರೆ ನೆಲ ಸಾರಿಸುವವಳದು, ಹೆಗಲಿನ ಹತ್ತಿರ ಸವೆದಿದ್ದರೆ ನೀರು ಹೊರುವವಳದು. ರಾವಸಾಹೇಬರ ಹನ್ನೊಂದು ಧೋತರ ಬಂದವು, ಹನ್ನೊಂದೂ ಕುಂಡಿಯ ಹತ್ತಿರವೇ ಸವೆದಿದ್ದವು. ತಾರಾಬಾಯಿಯ ಸೀರೆಗಳು ಎಲ್ಲಿಯೂ ಸವೆದಿರಲಿಲ್ಲ. ಮಡಿಕೆಯಲ್ಲೇ ಹರಿದಿದ್ದವು. ಯಾವನೋ ದೊಡ್ಡ ಸಾಹೇಬನ ಸ್ವಾಗತಕ್ಕೆ ಕಟ್ಟಿದ್ದ ಕೆಂಪು ಪತಾಕೆಯ ಬಟ್ಟೆ ಇತ್ತು. ಎಲ್ಲದರ ತಳದಲ್ಲಿ ನಾಲ್ಕು ದಿಂಬಿನ ಚೀಲ. ಒಳ್ಳೆಯ ಮಾಂಜರಪಾಟ, ಮೂಲೆಯಲ್ಲಿ ಮುದ್ರೆ ಒತ್ತಿದ ನೀಲಿ ಶಿಕ್ಕೆ. ಹೆಣ್ಣುಮಕ್ಕಳ ಸಾಲೆಯ ಹೊಲಿಗೆ ಕ್ಲಾಸಿಗೆ ಅಂತ ಸರಕಾರ ಕೊಟ್ಟಿದ್ದ ಬಟ್ಟೆ, ರಾವಸಾಹೇಬರ ತಲೆಯ ಕೆಳಗೆ ಹತ್ತು ವರ್ಷ ಮಲಗಿ ಎದ್ದು ಬಂದಿತ್ತು.

ಮಕ್ತುಮಬಿ ಶಿಕ್ಕೆ ಇದ್ದ ತುಂಡನ್ನು ಚೌಕಾಗಿ ಕತ್ತರಿಸಿ, ಕೌದಿಯ ನಡುವಿನ ಹತ್ತಿರ, ಮೇಲೆ ಕಾಣುವಂತೆ ಇಟ್ಟುಕೊಂಡಳು.

ಇಪ್ಪತ್ತೊಂದು ದಿನ ಹೊಲಿದಳು. ಕೌದಿಯನ್ನು ಅಂಚಿನಿಂದ ಸುರು ಮಾಡಿ ಸುತ್ತಾಕುತ್ತ ಸುತ್ತಾಕುತ್ತ ಒಳಕ್ಕೆ ಬರಬೇಕು. ತಾರಾಬಾಯಿ ಕುರ್ಚಿಯ ಮೇಲೆ ಕುಳಿತು ಒಂದು ಪುಸ್ತಕ ಓದುವಳು, ನಡುನಡುವೆ ಕೇಳಿ ಇನ್ನೊಂದರಲ್ಲಿ ಬರೆದುಕೊಳ್ಳುವಳು.

“ಈ ಹೊಲಿಗಿಗೆ ಏನಂತಾರ?”

“ಹೊಲಿಗಿ ಅಂತಾರ್ರಿ ಬಾಯಾರ.”

“ಅದಲ್ಲ. ಹೆಸರು ಬ್ಯಾರೆ ಇರಬೇಕಲ್ಲಾ.”

“ನಮ್ಮವ್ವ ಹೇಳಿಲ್ರಿ. ಸಾಲು ಸೊಟ್ಟ ಆದ್ರ ಕೈ ಮ್ಯಾಲೆ ಹೊಡೀತಿದ್ಲು, ಅಷ್ಟ ಗೊತ್ತು.”

ತಾರಾಬಾಯಿ ಅದನ್ನೂ ಬರೆದುಕೊಂಡಳು. ಚಹಾ ಬರುತ್ತಿತ್ತು, ಹಿಡಿಕೆ ಮುರಿದ ಕಪ್ಪಿನಲ್ಲಿ. ಕುಡಿದು, ತಾನೇ ತೊಳೆದು, ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಬೇಕು. ಅದು ಮಕ್ತುಮಬಿಗೆ ಹೊಸದೇನೂ ಅನ್ನಿಸಲಿಲ್ಲ. ಹೊಸದು ಅನ್ನಿಸಿದ್ದು ಹದಿನೆಂಟನೆಯ ದಿನ ಫೋಟೋದವನು ಬಂದಾಗ. ಆವತ್ತು ತಾರಾಬಾಯಿ ರೇಶ್ಮೆಯ ಪೈಠಣಿ ಸೀರೆ ಉಟ್ಟು ಕೆಳಗೆ ಕುಳಿತಳು. ಕೌದಿಯ ಅರ್ಧ ಆಕೆಯ ಮಡಿಲಿಗೆ ಹೋಯಿತು. ಸೂಜಿ ಆಕೆಯ ಕೈಗೆ ಹೋಯಿತು.

“ಅಜ್ಜಿ, ಸ್ವಲ್ಪ ಆಚೆ ಸರೀರಿ, ನಿಮ್ಮ ನೆರಳು ಬೀಳಲಿಕ್ಕೆ ಹತ್ತೇದ,” ಅಂದ ಫೋಟೋದವನು.

ಮಕ್ತುಮಬಿ ಸರಿದಳು. ಸೂಜಿಯನ್ನು ಬಾಯಿ ಮುಂದೆ ಹಿಡಿದು ಎಲೆ ಅಡಿಕೆ ಮೆಲ್ಲುವವಳ ಹಾಗೆ ನಗುತ್ತಿದ್ದ ತಾರಾಬಾಯಿಯನ್ನು ನೋಡಿ, ಪಾಪ, ಸೊಸಿಗೆ ಒಂದು ಚಿತ್ರ ಬೇಕಾಗಿರಬೇಕು ಅಂದುಕೊಂಡಳು. ಎಷ್ಟೋ ಮಂದಿಯ ಹಳೇ ಅರಿವೆ ಓದಿದವಳಿಗೂ ತನಗೆ ಬೇಕಾದದ್ದು ಕಣ್ಣ ಮುಂದೆ ಇದ್ದಾಗ ಹೀಗೆ ಆಗುತ್ತದೆ.

ಇಪ್ಪತ್ತೊಂದನೆಯ ದಿನ ನಡುವಿಗೆ ಬಂದಳು. ನಾಲ್ಕು ಬೆರಳಗಲ ಬಿಟ್ಟು ಸೂಜಿ ಚುಚ್ಚಿಟ್ಟು ಅಂದಳು:

“ಬಾಯಾರ, ಇನ್ನ ಹೊಟ್ಟಿ ತುಂಬಬೇಕ್ರಿ. ನಿಮ್ಮ ಮನ್ಯಾಗ ಒಂದೀಟು ಮಾದಲಿ ಮಾಡಿಸ್ರಿ.”

“ಯಾರ ಹೊಟ್ಟಿ?”

“ಕೌದೀದ್ರಿ.”

ನಮ್ಮ ಕಡೆ ಗೊತ್ತಿದ್ದ ಪದ್ಧತಿ ಅದು. ಯಾರ ಮನೆಯ ಕೌದಿಯೋ ಆ ಮನೆಯ ಹೆಣ್ಣುಮಗಳು ಗೋಧಿ, ಬೆಲ್ಲದ ಸಿಹಿ ಮಾದಲಿ ಮಾಡಿ, ಹೊಲಿದವಳಿಗೆ ಉಣಬಡಿಸಿ, ಒಂದು ಚಿಟಿಕೆಯನ್ನು ತನ್ನ ಕೈಯಿಂದ ಕೌದಿಯ ನಡುವಿನ ಬಾಯೊಳಗೆ ಇಡಬೇಕು. ಆಮೇಲೆ ಹೊಲಿದವಳು ಏಳು ಹೊಲಿಗೆ ಹಾಕಿ ಮುಚ್ಚುತ್ತಾಳೆ. ಹೊಟ್ಟೆ ತುಂಬದ ಕೌದಿ ಹಸಿದ ಕೌದಿ. ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಅನ್ನುತ್ತಾರೆ.

ತಾರಾಬಾಯಿ ಒಳಗೆ ಹೋಗಿ ಕೇಳಿದಳು. ರಾವಸಾಹೇಬರ ದನಿ ಕಟ್ಟೆಯ ತನಕ ಬಂತು. “ಮೂಢನಂಬಿಕಿ! ಸರಕಾರದ ಸಾಮಾನಿನ್ಯಾಗ ತಿನಿಸು ತುಂಬಿದ್ರ ಹಡಗಿನ್ಯಾಗ ಇರಿವಿ ಹತ್ತಾವ. ಮತ್ತ ನಮ್ಮ ಮನ್ಯಾಗ ಅಕಿಗೆ ಉಣಲಿಕ್ಕೆ ಎಲ್ಲಿ ಹಾಕತಿ? ಮುಗೀತು ಅಂತ ಹೇಳಿ ಕಳಸು.”

ತಾರಾಬಾಯಿ ಹೊರಗೆ ಬಂದು, “ಮುಗೀತಲ್ಲಾ ಮಕ್ತುಮಬಿ?” ಅಂದಳು.

“ನಂದು ಮುಗೀತ್ರಿ. ನಿಮ್ಮದು ಉಳೀತು.”

ತಮ್ಮದು ಏನು ಉಳಿಯಿತು ಅಂತ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಪುಸ್ತಕದಲ್ಲಿ ಅದೊಂದನ್ನು ಬರೆದುಕೊಳ್ಳಲಿಲ್ಲ.

ಹೋಳಿ ಹುಣ್ಣಿಮೆಯ ಎದುರಿಗೆ ಕಮಿಟಿಯ ಸಭೆ ಕರೆದರು. ಮಕ್ತುಮಬಿ ಗುಲ್ಜಾರಬಿಯನ್ನು ಕರೆದುಕೊಂಡು, ಬೂಟು ಹಾಕಿಕೊಂಡು ಹೋದಳು. ಕಲ್ಲು ಹಾಸಿದ ನೆಲದ ಮೇಲೆ ಬೂಟು ಕಿರ್ರ್ ಕಿರ್ರ್ ಅನ್ನುವಾಗ ಮುಂದಿನವರೆಲ್ಲ ತಿರುಗಿ ನೋಡಿದರು. ಜಿಲ್ಲೆಯ ಬಿಳಿಯ ದೊಡ್ಡ ಸಾಹೇಬ ಅಧ್ಯಕ್ಷ, ನಿದ್ದೆ ತಡೆದುಕೊಂಡು ಕುಳಿತಿದ್ದ. ರಾವಸಾಹೇಬರು ಎದ್ದು ಪೂರ್ವಕ್ಕೂ ಪಶ್ಚಿಮಕ್ಕೂ ಸೇತುವೆ ಕಟ್ಟಿದರು, ಕೆಡವಿದರು, ಮತ್ತೊಮ್ಮೆ ಕಟ್ಟಿದರು. ಕಡೆಗೆ, ಈ ಸೇತುವೆಯ ಮೇಲೆ ಮೊದಲು ಕಾಲಿಡುವ ಕೈಕೆಲಸದ ಹೆಣ್ಣುಮಗಳು ಶ್ರೀಮತಿ ತಾರಾಬಾಯಿ ಅಂದರು. ಆಕೆಯ ಸಂಗಡ ದುಭಾಷಿಯಾಗಿ ಆಕೆಯ ಗಂಡ, ಅಂದರೆ ತಮ್ಮ ಮಗ ದತ್ತು, ಸರಕಾರದ ಖರ್ಚಿನಲ್ಲೇ ಹೋಗುವನು ಅಂದರು. ಚಪ್ಪಾಳೆ ಆಯಿತು.

ಗುಲ್ಜಾರಬಿ ಅತ್ತಿಗೆಯ ಕೈ ಹಿಡಿದಳು. ಆದರೆ ಮಕ್ತುಮಬಿ ಎದ್ದು ನಿಂತಳು. ಹೆಂಗಸರು ಸಭೆಯಲ್ಲಿ ಏಳುವುದು, ಅದೂ ಹಿಂದಿನ ಸಾಲಿನಿಂದ, ಯಾರಿಗೂ ಗೊತ್ತಿದ್ದ ಸಂಗತಿ ಅಲ್ಲ.

“ಸಾಹೇಬ್ರ, ಒಂದ ಮಾತು. ಹೊಲದಾಕಿ ನಾನು. ಬಾಯಾರ್ನ ಯಾಕ ಕಳಸತೀರಿ?”

ರಾವಸಾಹೇಬರು ದೊಡ್ಡ ಮನಸ್ಸಿನಿಂದ ನಕ್ಕರು. “ನಿನಗ ಇಂಗ್ಲೀಷ ಬರಂಗಿಲ್ಲ ಮಕ್ತುಮಬಿ. ಅಲ್ಲಿ ಹೋಗಿ ಮೂಕಿ ಹಂಗ ಕೂಡತೀಯೇನು? ಊಟ ಬ್ಯಾರೆ, ಥಂಡಿ ಬ್ಯಾರೆ. ನಿನ್ನ ಒಳ್ಳೇದಕ್ಕೇ ಹೇಳಲಿಕ್ಕೆ ಹತ್ತೀನಿ. ತಾರಾಬಾಯಿಗೆ ಇಂಗ್ಲೀಷ ಛಲೋ ಬರತದ.”

“ಹಂಗಾರ ದುಭಾಷಿ ಯಾರ ಸಲುವಾಗ್ರಿ?”

ಮುಂದಿನ ಸಾಲಿನಲ್ಲಿ ಯಾರಿಗೋ ಕೆಮ್ಮು ಬಂತು. ಕೆಮ್ಮಲ್ಲ ಅದು. ದತ್ತು ತನ್ನ ಹೊಸ ಕೈಗಡಿಯಾರದಲ್ಲಿ ಹೊತ್ತು ನೋಡಿದ. ದೊಡ್ಡ ಸಾಹೇಬ ಎಚ್ಚರಾಗಿ, ಏನಂದಳು ಅಂತ ಕೇಳಿದ. “ಸರಕಾರದ ಉಪಕಾರ ಸ್ಮರಿಸುತ್ತಾಳೆ,” ಅಂತ ರಾವಸಾಹೇಬರು ಇಂಗ್ಲೀಷಿನಲ್ಲಿ ತಿಳಿಸಿದರಂತೆ. ಆಮೇಲೆ ಆಕೆಯನ್ನು ಮುಂದೆ ಕರೆದು ಒಂದು ಕುಬಸದ ಖಣ, ಒಂದು ತೆಂಗಿನಕಾಯಿ ಕೊಟ್ಟರು. ಮಕ್ತುಮಬಿ ಖಣವನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡು ಒಗತಕ್ಕೆ ಹೋಗುವ ಮಾಲು. ಅದನ್ನು ಅಲ್ಲೇ ಮೇಜಿನ ಮೇಲೆ ಇಟ್ಟು, ಕಾಯಿ ಮಾತ್ರ ತೆಗೆದುಕೊಂಡು ಬಂದಳು. ಆ ರಾತ್ರಿಯ ಸಾರಿಗೆ ಕಾಯಿ ಬೇಕಾಗಿತ್ತು.

ಬೂಟು ಗೋಡೆಯ ಮಾಡದೊಳಗೆ ಹೋದವು. ಗುಲ್ಜಾರಬಿ ಎಮ್ಮೆಯ ಮಾತು ಎತ್ತಲಿಲ್ಲ. ಅದೇ ಮಕ್ತುಮಬಿಗೆ ಹೆಚ್ಚು ನೋವಾದದ್ದು.

ಮಳೆಗಾಲ ಮುಗಿಯುತ್ತ ಬಂದಾಗ, ಮಕ್ತುಮಬಿಯ ಅಣ್ಣನ ಮಗ ಕಮರುದ್ದೀನ, ಸೈಕಲ್ ಅಂಗಡಿಯವನು, ಒಂದು ಇಂಗ್ಲೀಷ ಪೇಪರು ಹಿಡಿದುಕೊಂಡು ಓಡುತ್ತ ಬಂದ. ಕಮಿಟಿಯವರು ಅದನ್ನು ಊರೆಲ್ಲ ಹಂಚಿದ್ದರು. ಅದರ ಮೊದಲ ಪುಟದಲ್ಲಲ್ಲ, ಎಂಟನೆಯ ಪುಟದಲ್ಲಿ, ತಾರಾಬಾಯಿಯ ಫೋಟೋ ಇತ್ತು.

“ಫುಫೂ, ಮೊದಲ ಕುಂದರ. ಕುಂತ ನೋಡ,” ಅಂದ.

ಮಕ್ತುಮಬಿ ನೋಡಿದಳು. ಕೌದಿ ಇತ್ತು. ಕೌದಿಯ ನಡುವಿನಿಂದ, ಹೊಟ್ಟೆಗೆಂದು ಬಿಟ್ಟಿದ್ದ ಬಾಯನ್ನು ಇನ್ನಷ್ಟು ಬಿಚ್ಚಿ, ಕೆಳಗಿನ ಪದರವನ್ನೂ ಕತ್ತರಿಸಿ, ತಾರಾಬಾಯಿಯ ತಲೆ ಹೊರಗೆ ಬಂದಿತ್ತು! ಎರಡೂ ಕಡೆ ಕೌದಿ ಇಳಿಬಿದ್ದು, ಸಂತೆಗೆ ಬಂದ ಎತ್ತಿನ ಮೇಲಿನ ಝೂಲಿನ ಹಾಗೆ ಕಾಣುತ್ತಿತ್ತು. ಕೊರಳ ಕೆಳಗೆ, ಬಹುಮಾನದ ಬಿಲ್ಲೆಯ ಹಾಗೆ, ಸಾಲೆಯ ಶಿಕ್ಕೆ. ಪಕ್ಕದಲ್ಲಿ ಎಂಟು ವಿಲಾಯತಿ ಹೆಂಗಸರು ಕೈ ಬಡಿಯುತ್ತಿದ್ದರು.

“ಏನ ಬರದಾರ ಓದ,” ಅಂದಳು.

ಕಮರುದ್ದೀನ ಅಷ್ಟಿಷ್ಟು ಓದಿ ಕೂಡಿಸಿದ. ಧಾರವಾಡದ ಹೆಣ್ಣುಮಕ್ಕಳು ಚಳಿಗಾಲದಲ್ಲಿ ಹಾಕಿಕೊಳ್ಳುವ ಪುರಾತನ ಉಡುಗೆ ಇದು. ನಡುವಿನ ಬಾಯಿ ಏಕೆ ಅಂತ ಕೇಳಿದ್ದಕ್ಕೆ ಶ್ರೀಮತಿಯವರು ತಾವೇ ತೊಟ್ಟು ತೋರಿಸಿದರು. ವಿಲಾಯತಿಯ ಅನೇಕ ಹೆಣ್ಣುಮಕ್ಕಳು ಇದನ್ನು ಹೊಲಿಯಲಿಕ್ಕೆ ಕಲಿತರು. ಮಾದರಿಯನ್ನು ಗಾಜಿನ ಕಪಾಟಿನಲ್ಲಿ ಇಡಲಾಗುವುದು.

ಗುಲ್ಜಾರಬಿಗೆ ತಡೆಯಲಾಗಲಿಲ್ಲ. ಆರು ತಿಂಗಳು ಕಟ್ಟಿಕೊಂಡಿದ್ದ ನಗೆ ಒಮ್ಮೆಲೇ ಹೊರಗೆ ಬಂತು. ಒಳಗೆ ಹೋಗಿ ಒಂದು ಹಳೇ ಗೋಣಿಚೀಲಕ್ಕೆ ತೂತು ಮಾಡಿ ತಲೆ ತೂರಿಸಿಕೊಂಡು ಅಂಗಳಕ್ಕೆ ಬಂದಳು. “ಪುರಾತನ ಉಡುಗಿ, ಭಾಬಿ! ಸಲಾಮ ಮಾಡ!” ಓಣಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಕ್ತುಮಬಿಯೂ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಆಮೇಲೆ ಅಂದಳು:

“ಮಡಮ್ಮ ಸುಮ್ಮನ ಇರೂದಿಲ್ಲ ನೋಡ. ಆಕಿ ನಂದು ಕೈಯಾಗ ಹಿಡದ ನೋಡ್ಯಾಳ. ಏಳ ಹೊಲಿಗಿ ಎಣಿಸ್ಯಾಳ. ನಡುವ ತೂತ ಎಲ್ಲಿತ್ತು ಅಂತ ಕೇಳೇ ಕೇಳತಾಳ.”

ಅದು ಆಕೆಯ ಭರವಸೆ. ಉಳಿದವರೆಲ್ಲ ಹೇಗೇ ಇರಲಿ, ಕೌದಿಯ ಬೆನ್ನು ತಿರುವಿ ನೋಡಿದವಳು ಒಬ್ಬಳಿದ್ದಳು.

ದಸರೆ ಕಳೆದು ಎಂಟು ದಿನಕ್ಕೆ ಓಣಿಯ ಬಾಯಿಗೆ ಟಾಂಗಾ ನಿಂತಿತು. ಇಳಿದವರು ರಾವಸಾಹೇಬರು. ರುಮಾಲು ನೆಟ್ಟಗೆ ಮಾಡಿಕೊಂಡು, ಗಟಾರ ದಾಟಿ, ಮಕ್ತುಮಬಿಯ ಬಾಗಿಲಿಗೆ ಬಂದರು. ಕೂಡಲು ಹೊರಸು ಬಿಟ್ಟರೆ ಬೇರೆ ಇರಲಿಲ್ಲ. ಹೊರಸಿನ ಮೇಲೆ ಕೌದಿ ಹಾಸಿತ್ತು. ನಟ್ಟನಡುವೆ, ಏಳು ಹೊಲಿಗೆಯ ಮೇಲೆಯೇ ಕುಳಿತರು. ಗುಲ್ಜಾರಬಿ ಹಿಡಿಕೆ ಇದ್ದ ಕಪ್ಪಿನಲ್ಲಿ ಚಹಾ ತಂದಳು.

“ನಂದು ಈಗ ಆಗೇದ,” ಅಂದು ರಾವಸಾಹೇಬರು ಕಪ್ಪನ್ನು ನೋಡಲಿಲ್ಲ. “ಮಕ್ತುಮಬಿ, ನಿನಗೊಂದು ಸಿಹಿ ಸುದ್ದಿ ತಂದೀನಿ. ಮಡಮ್ಮ ಶಿವರಾತ್ರಿ ಆದ ಮ್ಯಾಲೆ ಮತ್ತ ಬರಲಿಕ್ಕೆ ಹತ್ಯಾರ. ಸರಕಾರದವರು ಭಾಳ ಖುಷಿ ಆಗ್ಯಾರ, ಯೋಜನಾ ಮತ್ತ ಎರಡು ವರ್ಷ ನಡಸತಾರ. ಅವರ ಮುಂದ ನಮ್ಮ ಹುಡಿಗ್ಯಾರು ಹನ್ನೆರಡು ಮಂದಿ ಆ ಉಡುಗಿ ಹಾಕ್ಕೊಂಡು ನಿಂದರಬೇಕು. ಹನ್ನೆರಡು ಕೌದಿ ಹೊಲದು ಕೊಡು.”

“ಕೌದಿ ಹೊಲೀತೇನ್ರಿ.”

“ನಡುವ ತಲಿ ಹೋಗೂ ಹಂಗ ಬಾಯಿ ಬಿಡು.”

ರಾವಸಾಹೇಬರು ದನಿ ಇಳಿಸಿದರು.

“ಮುಂದಿನ ವರ್ಷದ ಹಡಗಿಗೆ ನಿನ್ನ ಹೆಸರು ಬರೀತೀನಿ. ಖರೇನ ಹೇಳತೀನಿ. ಕಾಗದ ಮಾಡಿ ತಂದೀನಿ ನೋಡು, ಹೆಬ್ಬೆಟ್ಟು ಒತ್ತೂದಷ್ಟ ಉಳದದ. ಇಂಗ್ಲೀಷ ಬರದಿದ್ರ ಏನಾತು, ದುಭಾಷಿ ಇರತಾನ.”

ಕಾಗದ ತೆಗೆದು ಹೊರಸಿನ ಮೇಲೆ ಇಟ್ಟರು. ಬಾಗಿಲಲ್ಲಿ ನಿಂತಿದ್ದ ಗುಲ್ಜಾರಬಿ ಒಂದು ಹೆಜ್ಜೆ ಒಳಗೆ ಬಂದಳು. ಮಕ್ತುಮಬಿಯ ಕಣ್ಣು ಮಾಡದ ಕಡೆ ಹೋಯಿತು. ಬೂಟಿನ ಮೇಲೆ ಧೂಳು ಕುಂತಿತ್ತು. ಹದಿನೆಂಟು ದಿನ. ಎರಡನೆಯ ದಿನದಿಂದ ಬರೇ ನೀರು. ಹೆಬ್ಬೆಟ್ಟಿನ ಒಂದು ಗುರುತು, ಹನ್ನೆರಡು ಕೌದಿಯಲ್ಲಿ ಹನ್ನೆರಡು ತೂತು, ಅಷ್ಟೇ. ಹಾಗೆ ನೋಡಿದರೆ ಯಾರಿಗೂ ಏನೂ ಆಗುವುದಿಲ್ಲ. ವಿಲಾಯತಿಯ ಮಂದಿ ತಲೆ ತೂರಿಸಿಕೊಂಡರೆ ಧಾರವಾಡದ ಗಂಟೇನು ಹೋಯಿತು?

“ಮಡಮ್ಮ ಕೇಳಿದ್ರ ಏನ ಹೇಳೂದ್ರಿ?” ಅಂದಳು.

“ಕೇಳಂಗಿಲ್ಲ. ಕೇಳಿದ್ರ ಇದ ನಮ್ಮ ಪದ್ಧತಿ ಅನ್ನೂದು. ನಿನ್ನ ಬಾಯಿಂದನ ಅಂದ್ರ ಇನ್ನೂ ಛಲೋ.”

“ನೀವು ಒಂದ ಕಾಗದ ಬರೀರಿ ಸಾಹೇಬ್ರ. ಅದು ಉಡುಗಿ ಅಲ್ಲ, ಕೌದಿ. ಅದರ ಹೊಟ್ಟಿ ನಾವ ತುಂಬಲಿಲ್ಲ. ಹೊಲದಾಕಿ ಬ್ಯಾರೆ ಅದಾಳ, ಮುಂದಿನ ಹಡಗಿಗೆ ಬಂದು ಮುಚ್ಚತಾಳ. ಅಷ್ಟ ಬರೀರಿ. ಆಮ್ಯಾಲೆ ಬೇಕಂದ್ರ ಇಪ್ಪತ್ತು ಕೌದಿ ಹೊಲೀತೇನಿ.”

“ಹುಚ್ಚಿ! ಸರಕಾರಕ್ಕ ವರದಿ ಹೋಗೇದ. ಪೇಪರಿನ್ಯಾಗ ಬಂದದ. ಈಗ ಅಲ್ಲಂದ್ರ ನಮ್ಮ ಮಾನ ಏನು?”

“ನಿಮ್ಮ ಮಾನಕ್ಕ ನನ್ನ ಕೌದೀಗೆ ಯಾಕ ತೂತ ಹಾಕತೀರಿ?”

ರಾವಸಾಹೇಬರು ಎದ್ದು ನಿಂತರು. ಮೀಸೆ ಕುಣಿಯುತ್ತಿತ್ತು. “ಹಡಗು ಬ್ಯಾಡೇನು ನಿನಗ? ಮತ್ತ ಕೇಳತೀನಿ.”

ಬೇಕಾಗಿತ್ತು. ಬೇಡ ಅಂದರೆ ಸುಳ್ಳಾದೀತು. ಅದಕ್ಕೇ ಮಕ್ತುಮಬಿ ಬೇಡ ಅನ್ನಲಿಲ್ಲ. ಕಾಗದವನ್ನು ಎತ್ತಿ, ಅವರು ಬಿಟ್ಟ ಮಡಿಕೆಯಲ್ಲೇ ಮಡಿಚಿ, ಅವರ ಕೈಗೆ ಕೊಟ್ಟಳು.

“ಹಡಗ ನಿಮ್ಮ ಸೊಸಿಗೇ ಇರಲಿ. ಮತ್ತೊಮ್ಮೆ ಹೋಗಿ ಕೌದ್ಯಾಗಿಂದ ತಲಿ ಹೊರಗ ತಗೊಂಡ ಬರಲಿ.”

ಟಾಂಗಾ ಹೋದ ಮೇಲೆ ಗುಲ್ಜಾರಬಿ ಆ ಚಹಾ ತಾನೇ ಕುಡಿದಳು. “ಸಕ್ಕರಿ ಹಾಕಿದ್ದೆ, ಭಾಬಿ,” ಅಂದಳು. ಕಪ್ಪು ಬೋರಲು ಹಾಕಿ, “ಹೆಬ್ಬೆಟ್ಟ ಒತ್ತಿದ್ರ ಏನಾಗತಿತ್ತ?” ಅಂದಳು.

“ಮಡಮ್ಮ ಬರಲಿ,” ಅಂದಳು ಮಕ್ತುಮಬಿ.

ಶಿವರಾತ್ರಿ ಕಳೆಯಿತು. ರಾವಸಾಹೇಬರಿಗೆ ಮಕ್ತುಮಬಿಯೇ ಬೇಕಾಗಿರಲಿಲ್ಲ, ತೂತು ಬೇಕಾಗಿತ್ತು. ಪೇಟೆಯ ದರ್ಜಿಯೊಬ್ಬ ಹೊಸ ಛೀಟಿನ ಬಟ್ಟೆಯಲ್ಲಿ ಹನ್ನೆರಡನ್ನೂ ಮಿಶಿನ್ನಿನ ಮೇಲೆ ನಾಲ್ಕು ದಿನದಲ್ಲಿ ಹೊಡೆದು ಕೊಟ್ಟ. ಮಡಮ್ಮ ಬರುವ ದಿನವೇ ಹತ್ತಿರದ ಹಳ್ಳಿ ಗರಗದಿಂದ ಗುಡ್ಡವ್ವನ ಗಾಡಿ ಬಂತು. ಗುಡ್ಡವ್ವ ನೂಲುವವಳು, ಗಂಡ ನೇಯುವವನು. ಮಗಳ ಬಾಣಂತನಕ್ಕೆ ಅಂತ ಮಕ್ತುಮಬಿ ಹೊಲಿದಿದ್ದ ಕೌದಿಯ ಹೊಟ್ಟೆ ಅವತ್ತು ತುಂಬಬೇಕಿತ್ತು. ಗಾಡಿ ಸಂತೆಯ ಹತ್ತಿರ ನಿಂತಿತ್ತು. ಮಕ್ತುಮಬಿ ಮಾಡದಿಂದ ಬೂಟು ತೆಗೆದು, ಧೂಳು ಕೊಡವಿ, ಕಾಲಿಗೆ ಹಾಕಿಕೊಂಡು, ಕೌದಿ ತಲೆಯ ಮೇಲೆ ಹೊತ್ತು ಹೊರಟಳು. ದಾರಿ ಕಮಿಟಿಯ ಸಭಾಗೃಹದ ಮುಂದೆಯೇ ಹೋಗುತ್ತಿತ್ತು. ಬೇರೆ ದಾರಿಯೂ ಇತ್ತು. ಆಕೆ ಇದನ್ನೇ ಹಿಡಿದಳು.

ಹೊತ್ತು ನೆತ್ತಿಗೆ ಬಂದಿತ್ತು. ಅಂಗಳದಲ್ಲಿ ಹನ್ನೆರಡು ಹುಡುಗಿಯರು ಕೊರಳಲ್ಲಿ ಕೌದಿ ಇಳಿಬಿಟ್ಟು ಸಾಲಾಗಿ ನಿಂತಿದ್ದರು. ಬೆವರು ಹಣೆಯಿಂದ ಗದ್ದಕ್ಕೆ, ಗದ್ದದಿಂದ ಕೌದಿಗೆ ಇಳಿಯುತ್ತಿತ್ತು. ಒಬ್ಬಳು ಆಗಲೇ ಕಣ್ಣು ಕತ್ತಲೆ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಸ್ವಾಗತದ ಹಾಡು ನಡೆದಿತ್ತು. ದೊಡ್ಡ ಸಾಹೇಬ, ರಾವಸಾಹೇಬ, ಕುರ್ಚಿಯ ಮಂದಿ ಎಲ್ಲಾ ಇದ್ದರು. ನಡುವೆ ಮಿಸ್ ಗ್ರೇವ್ಸ್.

ಮಕ್ತುಮಬಿ ರಸ್ತೆಯಲ್ಲಿ ನಿಂತುಬಿಟ್ಟಳು.

ಮಡಮ್ಮ ಸಹ ಒಂದನ್ನು ಹಾಕಿಕೊಂಡಿದ್ದಳು. ದರ್ಜಿಯದಲ್ಲ. ವಿಲಾಯತಿಯಲ್ಲಿ ತಾನೇ ಹೊಲಿದದ್ದು ಇರಬೇಕು, ಹೊಲಿಗೆ ಚೊಕ್ಕಟ ಇತ್ತು. ತೂತಿನ ಸುತ್ತ ರೇಶ್ಮೆಯ ಅಂಚು ಕಟ್ಟಿದ್ದಳು. ಕೆಂಪು ಮುಖ ಆ ತೂತಿನಿಂದ ಹೊರಗೆ ಬಂದು, ಹಾಡಿಗೆ ತಲೆ ಆಡಿಸುತ್ತ, ಜಾತ್ರೆಗೆ ಬಂದ ಕೂಸಿನ ಹಾಗೆ ಹಿಗ್ಗುತ್ತಿತ್ತು.

ಆಕೆಯ ಕಣ್ಣು ಮಕ್ತುಮಬಿಯ ಮೇಲೆ ಬಿತ್ತು. ಗುರುತು ಹಿಡಿದಳು. ಎರಡೂ ಕೈ ಮುಂದೆ ಮಾಡಿಕೊಂಡು, ಕೌದಿ ಎಳೆಯುತ್ತ ಬಾಗಿಲ ತನಕ ಬಂದಳು. ಹಿಂದೆ ತಾರಾಬಾಯಿ, ಆಕೆಯ ಹಿಂದೆ ದತ್ತು. ಮಡಮ್ಮ ಮಕ್ತುಮಬಿಯ ಕೈ ಹಿಡಿದು, ತನ್ನ ಕೊರಳ ಕೌದಿ ತೋರಿಸಿ, ನಗುತ್ತ ಏನೋ ಕೇಳಿದಳು.

ತಾರಾಬಾಯಿ ಮಕ್ತುಮಬಿಯ ಮುಖ ನೋಡಲಿಲ್ಲ. ಬೂಟು ನೋಡುತ್ತ ಹೇಳಿದಳು. “ಮೇಡಮ್ ಕೇಳತಾರ... ಇಂಥಾವು ನಿಮಗೂ ಹೊಲೀಲಿಕ್ಕೆ ಬರತಾವೇನು ಅಂತ.”

ಮಕ್ತುಮಬಿ ಮಡಮ್ಮನ ಬೆರಳು ನೋಡಿದಳು. ಅವೇ ಬೆರಳು. ಏಳು ಹೊಲಿಗೆ ಎಣಿಸಿದ ಬೆರಳು. ಆವತ್ತು ಕೇಳಬೇಕು ಅಂತಲೇ ಹುಬ್ಬು ಏರಿಸಿದ್ದಳು. ಒಬ್ಬ ಕಾರಕೂನ ಏನೋ ಒಂದು ಅಂದದ್ದಕ್ಕೆ ಹುಬ್ಬು ಇಳಿಸಿದ್ದಳು. ಆಕೆ ಕೇಳುವುದು ಅಷ್ಟೇ. ಇಂಥವಳಿಗೋಸ್ಕರ ಐದು ತಿಂಗಳು ಕಾದೆನಲ್ಲ ಅಂತ ಮಕ್ತುಮಬಿಗೆ ತನ್ನ ಮೇಲೆಯೇ ಹೇಸಿಕೆ ಬಂತು.

“ಬರೂದಿಲ್ಲ ಅಂತ ಹೇಳ್ರಿ ಬಾಯಾರ,” ಅಂದಳು. ತಲೆಯ ಮೇಲಿನ ಕೌದಿ ಸರಿ ಮಾಡಿಕೊಂಡು ನಡೆದಳು.

ಗುಡ್ಡವ್ವ ಗಾಡಿಯಲ್ಲಿ ಹುಲ್ಲು ಹಾಸಿ ಕಾದಿದ್ದಳು. “ಏನಬೇ ಮಕ್ತುಮವ್ವ, ಬೂಟ! ಯಾವ ಊರ ದೊರೆಸಾನಿ ನೀ?”

“ವಿಲಾಯತಿಗೆ ಅಂತ ತಗೊಂಡಿದ್ದೆ. ಗರಗಕ್ಕ ಹೊಂದತಾವ ಬಿಡ.”

ಗರಗದ ಮನೆಯಲ್ಲಿ ಬೂಟನ್ನು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಹೋದಳು. ಮಗ್ಗದ ಪಕ್ಕದಲ್ಲೇ ಚಾಪೆ ಹಾಕಿದ್ದರು. ಗುಡ್ಡವ್ವ ಮಾದಲಿಗೆ ಬಿಸಿ ಹಾಲು, ತುಪ್ಪ ಹಾಕಿ, ಮುಂದೆ ಕುಳಿತು, ಸಾಕು ಅಂದರೂ ಮತ್ತೊಂದು ಹಿಡಿ ಬಡಿಸಿದಳು. ಆಮೇಲೆ ಕೈ ತೊಳೆದು ಬಂದು, ಒಣ ಮಾದಲಿಯ ಒಂದು ಚಿಟಿಕೆ ತೆಗೆದು ಕೌದಿಯ ಬಾಯೊಳಗೆ ಇಟ್ಟು, ಒಳಗೆ ಸರಿಯಾಗಿ ಹೋಯಿತೋ ಇಲ್ಲವೋ ಅಂತ ಬೆರಳಿನಿಂದ ಮುಟ್ಟಿ ನೋಡಿದಳು.

“ಉಂಡಿತೇನಬೇ?”

“ಉಂಡಿತು.”

ಮಕ್ತುಮಬಿ ದಾರ ಪೋಣಿಸಿ ಏಳು ಹೊಲಿಗೆ ಹಾಕಿದಳು. ಏಳನೆಯದನ್ನು ಎಳೆದು ಬಿಗಿಮಾಡಿ, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು.